ಮಗನಿಗೆ 21 ತುಂಬಿದ ಮೇಲೆ ಬಾಡಿಗೆ ನೆರವು ಕಡಿತ: ಸರಿಯಾದದ್ದು ಹೀಗೆ

ಇಂಗ್ಲೆಂಡಿನಲ್ಲಿ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮಾಸಿಕ ನೆರವು) ಪಡೆಯುವವರ ಜೊತೆಗಿರುವ ಮಗನಿಗೆ 21 ತುಂಬಿದರೆ, ಅವನು ಒಂದು ಪೌಂಡೂ ಕೊಡದಿದ್ದರೂ ಬಾಡಿಗೆ ಭಾಗದಿಂದ ಪ್ರತಿ ತಿಂಗಳು ನಿಗದಿತ ಮೊತ್ತ ಮುರಿದುಕೊಳ್ಳುತ್ತಾರೆ. ಆದರೆ ಅರ್ಜಿದಾರರಿಗೆ ಪಿಐಪಿಯ (ದೀರ್ಘಕಾಲದ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ಸಿಗುವ ಭತ್ಯೆ) ದೈನಂದಿನ ಬದುಕಿನ ಭಾಗ ಬರುತ್ತಿದ್ದರೆ ಈ ಕಡಿತ ಸಲ್ಲದು. ಓಡಾಟದ ಭಾಗವೊಂದೇ ಸಾಲದು. ಹಲವರು ಎಡವುವುದು ಇಲ್ಲೇ.

ನಮಗೂ ಹೀಗೆ ತಪ್ಪಾಗಿ ಕಡಿತವಾಗಿತ್ತು; ತಿಂಗಳ ಲೆಕ್ಕಪಟ್ಟಿಯಲ್ಲಿ ಕಡಿತದ ಸಾಲು ಹುಡುಕಿ, ಪಿಐಪಿ ಮಂಜೂರಾತಿ ಪತ್ರದ ದಿನಾಂಕದ ಸಮೇತ ಆನ್‌ಲೈನ್ ಜರ್ನಲ್‌ನಲ್ಲಿ (ಯೂನಿವರ್ಸಲ್ ಕ್ರೆಡಿಟ್ ಖಾತೆಯ ಸಂದೇಶ ಪುಟ) ಬರೆದು, ನಿರ್ಧಾರದ ದಿನದಿಂದ 1 ತಿಂಗಳೊಳಗೆ ಕಡ್ಡಾಯ ಮರುಪರಿಶೀಲನೆ (ನಿರ್ಧಾರವನ್ನು ಇಲಾಖೆಯೇ ಮತ್ತೆ ನೋಡುವುದು) ಕೇಳಿದ್ದರಿಂದ ಕಡಿತ ರದ್ದಾಯಿತು. ದಯವಿಟ್ಟು ಫೋನಿನಲ್ಲಷ್ಟೇ ಹೇಳಿ ಬಿಡಬೇಡಿ, ಬರಹದ ದಾಖಲೆ ಬೇಕೇಬೇಕು.

ಮಗ ಮನೆ ಬಿಟ್ಟರೂ ತಿಳಿಸಿ. ಅವನ ಕೋಣೆ ಖಾಲಿಯಾಗಿ, ಕೌನ್ಸಿಲ್ ಮನೆಯಲ್ಲಿ (ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆ) ಒಂದು ಮಲಗುವ ಕೋಣೆ ಹೆಚ್ಚಾದರೆ ಬಾಡಿಗೆ ನೆರವಿನಿಂದ ಅರ್ಹ ಬಾಡಿಗೆಯ 14%, ಎರಡಾದರೆ 25% ಹೋಗುತ್ತದೆ. ಪಿಐಪಿ ಮೊತ್ತ ಮಾತ್ರ ಮನೆಯಲ್ಲಿ ಯಾರಿದ್ದರೂ ಬದಲಾಗದು.