ಡೀಬಗ್‌ಗೆ 0 ಕೊಟ್ಟರೂ ಲಾಗ್ ನಿಲ್ಲುತ್ತಿಲ್ಲವೇ?

ಪುಣೆಯ ಕನ್ನಡ ಗೆಳೆಯರೇ, ಸಿ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಹಿಂಜೆವಾಡಿಯ ನಮ್ಮ ಆಫೀಸಿನಲ್ಲಿ ಮೊನ್ನೆ ಇದಕ್ಕೇ ಅರ್ಧ ದಿನ ಹೋಯಿತು.

ಲಾಗ್ ಬರೆಯುವ ಕೋಡನ್ನು ಇಫ್‌ಡೆಫ್ (#ifdef) ಎಂಬ ಷರತ್ತಿನೊಳಗೆ ಇಟ್ಟು, ಡೀಬಗ್ (DEBUG) ಎಂಬ ಮ್ಯಾಕ್ರೋಗೆ, ಅಂದರೆ ಕಂಪೈಲ್‌ಗೆ ಮೊದಲೇ ತನ್ನ ಬೆಲೆಯಾಗಿ ಬದಲಾಗುವ ಹೆಸರಿಗೆ, 0 ಕೊಟ್ಟಿದ್ದೆವು. ಆದರೂ ಸೀರಿಯಲ್ ಪೋರ್ಟಿನಲ್ಲಿ ಲಾಗ್ ಸಾಲುಗಳು ಬರುತ್ತಲೇ ಇದ್ದವು. ಕಾರಣ ಇಷ್ಟೇ: ಇಫ್‌ಡೆಫ್ ನೋಡುವುದು ಆ ಹೆಸರು ಇದೆಯಾ ಇಲ್ಲವಾ ಅಂತ ಮಾತ್ರ. ಬೆಲೆ 0 ಆದರೂ ಹೆಸರು ಇದೆ ಅಲ್ವಾ, ಒಳಗಿನ ಕೋಡ್ ಸೇರಿಯೇ ಸೇರುತ್ತದೆ. ಬೆಲೆಯನ್ನೇ ನೋಡಬೇಕಿದ್ದರೆ ಹ್ಯಾಶ್ ಇಫ್ (#if) ಬಳಸಿ.

ಅದರಲ್ಲೂ ಎಡವುವ ಜಾಗ ಒಂದಿದೆ, ನನಗೆ ಇದರ ಭಯವೇ ಜಾಸ್ತಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ, ಅಥವಾ ಆ ಹೆಸರು ಇರುವ ಹೆಡರ್ ಫೈಲ್ ಸೇರಿಸಲು ಮರೆತರೆ, ಕಂಪೈಲರ್ ಅದನ್ನು ಸುಮ್ನೆ 0 ಎಂದುಕೊಂಡು ಮುಂದೆ ಹೋಗುತ್ತದೆ. ಎರರ್ ಬರುವುದಿಲ್ಲ. ಜಿಸಿಸಿ, ಕ್ಲ್ಯಾಂಗ್ ಕಂಪೈಲರ್‌ಗಳೆರಡರಲ್ಲೂ ಇದಕ್ಕೆ ವಾರ್ನಿಂಗ್ ಕೊಡುವ ಡಬ್ಲ್ಯೂ-ಅನ್‌ಡೆಫ್ (-Wundef) ಎಂಬ ಆಯ್ಕೆ ಇದೆ. ಹಲವು ವಾರ್ನಿಂಗ್‌ಗಳನ್ನು ಒಟ್ಟಿಗೆ ಆನ್ ಮಾಡುವ ಡಬ್ಲ್ಯೂ-ಆಲ್ (-Wall) ಹಾಕಿದ್ದೇನೆ, ಸಾಕು ಅಂದುಕೊಳ್ಳಬೇಡಿ. ಅದರಲ್ಲಿ ಇದು ಸೇರಿಲ್ಲ. ಕಂಪೈಲ್ ಆಯ್ಕೆಗಳನ್ನು ಬರೆಯುವ ಮೇಕ್‌ಫೈಲಿನಲ್ಲಿ ಬೇರೆಯಾಗಿಯೇ ಬರೆಯಿರಿ. ಹಳೆಯ ಪ್ರಾಜೆಕ್ಟ್ ಆದರೆ ಮೊದಲ ದಿನ ವಾರ್ನಿಂಗ್‌ಗಳ ಸಾಲೇ ಬರಬಹುದು, ತಾಳ್ಮೆಯಿಂದ ಒಂದೊಂದೇ ನೋಡಿ.

ಹಾಂ, ಇಂಥ ಷರತ್ತನ್ನು ಮುಗಿಸುವ ಎಂಡಿಫ್ (#endif) ಪಕ್ಕ ಯಾವ ಷರತ್ತು ಮುಗಿಯಿತು ಅಂತ ಒಂದು ಕಾಮೆಂಟ್ ಹಾಕಿಡಿ.