ದೀಪವಿಲ್ಲದ ಊರಿನ ಜಾಡು ಹಿಡಿದು

ನಮ್ಮೂರಿನಿಂದ ಎರಡು ಕಿಲೋಮೀಟರ್ ಆಚೆ ಒಂದು ಆಂಜನೇಯನ ಗುಡಿ ಇದೆ. ಸುತ್ತ ಹುಣಸೆ ಮರಗಳು, ರಾಗಿ ಹೊಲಗಳು. ಮನೆ ಒಂದೂ ಇಲ್ಲ. ಕಂದಾಯ ದಾಖಲೆಯಲ್ಲಿ ಮಾತ್ರ ಆ ಜಾಗಕ್ಕೆ ಊರಿನ ಹೆಸರಿದೆ, ಸರ್ವೆ ನಂಬರುಗಳಿವೆ, ಹೆಸರಿನ ಮುಂದೆ ‘ಬೇಚರಾಕ್’ ಎಂಬ ಷರಾ ಇದೆ. ಪಾರಸಿಯ ‘ಬೇ ಚಿರಾಗ್’ ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಹೀಗಾಯಿತು. ದೀಪವಿಲ್ಲದ ಊರು ಎಂದರ್ಥ.

ಅದು ಏಕೆ ಹಾಳಾಯಿತು ಎಂದು ಕೇಳಿದರೆ ಹಿರಿಯರೆಲ್ಲ ‘ಪ್ಲೇಗಿಗೆ’ ಎನ್ನುತ್ತಿದ್ದರು. ನಾನೂ ನಂಬಿದ್ದೆ. ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದೂ ನಿಜ. ಆದರೆ ಹಳೆಯ ಗ್ರಾಮ ನಕಾಶೆಯ ಪ್ರತಿ ಕೈಗೆ ಬಂದ ದಿನ ಆ ನಂಬಿಕೆ ಅಲುಗಿತು. ನಕಾಶೆ ಪ್ಲೇಗಿಗಿಂತ ಹತ್ತು ವರ್ಷ ಹಿಂದಿನದು. ಅದರಲ್ಲಿ ಆಗಲೇ ‘ಹಾಳು ಗ್ರಾಮಠಾಣಾ’ ಎಂದು ಬರೆದಿತ್ತು.

ಮುಂದಿನ ಸುಳಿವು ಸಿಕ್ಕಿದ್ದು ಯಾವ ಕಚೇರಿಯಲ್ಲೂ ಅಲ್ಲ, ನಮ್ಮ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ. ಒಂದು ಕ್ರಯಪತ್ರ. ಮಾರಿದವನ ಹೆಸರಿನ ಜೊತೆ ಆ ಊರಿನ ಹೆಸರು, ಅದರ ಪಕ್ಕದಲ್ಲೇ ‘ಹಾಲಿ ವಾಸ’ ಎಂದು ನಮ್ಮೂರಿನ ಹೆಸರು. ‘ಹಾಲಿ’ ಎಂಬ ಆ ಎರಡಕ್ಷರ ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಊರು ಬಿಟ್ಟು ಬಂದವನೊಬ್ಬ ಕಣ್ಣೆದುರಿಗೇ ಇದ್ದ.

ಪತ್ರದಲ್ಲಿ ಶಕವರ್ಷವಿರಲಿಲ್ಲ, ಈಶ್ವರ ಸಂವತ್ಸರ, ಮಾಸ, ತಿಥಿ, ವಾರ ಇಷ್ಟೇ. ಹೊಸಬರು ಎಡವುವುದು ಇಲ್ಲೇ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಈಶ್ವರ ಎಂದರೆ 1877–78 ಆಗಬಹುದು, 1937–38 ಕೂಡ ಆಗಬಹುದು. ತಿಥಿಗೆ ವಾರ ಯಾವ ವರ್ಷದಲ್ಲಿ ಕೂಡುತ್ತದೆ ಎಂದು ನೋಡಬೇಕು. ಶಾಸನತಜ್ಞರು ಕಾಲ ನಿರ್ಣಯಿಸುವುದೂ ಹೀಗೆಯೇ. ಹಳೆಯ ಪಂಚಾಂಗದ ಕೋಷ್ಟಕಗಳನ್ನು ಹಿಡಿದು ಎರಡು ಸಂಜೆ ಲೆಕ್ಕ ಹಾಕಿದೆ. ವಾರ ಕೂಡಿದ್ದು 1877ಕ್ಕೆ.

ಅಂದರೆ ಧಾತು–ಈಶ್ವರ ಬರ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ನುಂಗಿದ ಬರ. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಈ ಅಂಕಿಗಳನ್ನು ಹಿಂದೆಯೂ ಓದಿದ್ದೆ. ಕ್ರಯಪತ್ರ ಪಕ್ಕದಲ್ಲಿಟ್ಟುಕೊಂಡು ಓದಿದಾಗ ಅವು ಬೇರೆಯೇ ಆಗಿ ಕಂಡವು.

ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೂ ಹೋದೆ. ಬರದ ಕಾಲದ ಕಡತಗಳಲ್ಲಿ ಗಂಜಿ, ಪರಿಹಾರ ಕಾಮಗಾರಿ, ಧಾನ್ಯದ ಬೆಲೆ ಎಲ್ಲವೂ ಇದ್ದವು. ನಾನು ಹುಡುಕುತ್ತಿದ್ದ ಆ ಹಾಳು ಊರಿನ ಹೆಸರು ಮಾತ್ರ ಎಲ್ಲೂ ಸಿಗಲಿಲ್ಲ. ಅದಕ್ಕೇ ಹೇಳುತ್ತೇನೆ: ಮೊದಲು ಮನೆಯ ಪೆಟ್ಟಿಗೆ, ಆಮೇಲೆ ತಾಲ್ಲೂಕಿನ ನಕಾಶೆ, ಕೊನೆಗೆ ರಾಜಧಾನಿ. ಸಿಕ್ಕ ಕಾಗದವನ್ನು ಮಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆದು ಅದನ್ನೇ ಹಿಗ್ಗಿಸಿ ಓದಿ.

ಬರ ಒಂದೇ ಕಾರಣ ಎಂದು ಈ ಒಂದು ಪತ್ರದಿಂದ ಸಾಧಿಸಲಾಗದು. ಪ್ಲೇಗಲ್ಲ ಎಂಬುದಂತೂ ಖಚಿತ. ಇದನ್ನು ಹೇಳಲು, ಪ್ಲೇಗಿನ ಕಥೆ ಹೇಳಿದ್ದ ಹಿರಿಯರೊಬ್ಬರ ಬಳಿಗೆ ಪತ್ರದ ಪ್ರತಿ ಒಯ್ದೆ. ಅವರಿಗೆ ಬೇಸರವಾದೀತೆಂದು ಅಳುಕಿತ್ತು. ಅವರು ಮಾರಿದವನ ಹೆಸರನ್ನು ಎರಡು ಸಲ ಓದಿಸಿಕೊಂಡರು.

“ಇವನು ಕೆಳಗಿನ ಕೇರಿಯವರ ಮುತ್ತಾತನಿರಬೇಕಪ್ಪ. ಆ ಮನೆಯವರನ್ನು ನಾವು ಹಾಳೂರಿನವರು ಅಂತಲೇ ಅಲ್ಲವೇ ಕರೆಯುವುದು?”

ಹುಟ್ಟಿದಾಗಿನಿಂದ ನಾನೂ ಅವರನ್ನು ಹಾಗೆಯೇ ಕರೆಯುತ್ತಿದ್ದೆ. ಯಾವ ಹಾಳೂರು ಎಂದು ಒಮ್ಮೆಯೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅವರ ಮನೆಯ ಪೆಟ್ಟಿಗೆ ತೆರೆಸಲು ಹೋದೆ.