ಚಪ್ಪಾಳೆ ಹೊಡೆದರೂ ಅಲ್ಲಾಡದ ಅಂಕಿ: ಸೌಂಡ್ ಸೆನ್ಸರ್ ಓದುವುದು ಹೇಗೆ?

ರಾಯಚೂರಿನ ಮಕ್ಕಳು ವಿಜ್ಞಾನ ಮಾದರಿಗೆಂದು ಸೌಂಡ್ ಸೆನ್ಸರ್ ಹಿಡಿದು ಬಂದಾಗೆಲ್ಲ ನನಗೆ ಒಂದೇ ದೂರು: “ಸರ್, ಇದು ಕೆಟ್ಟೈತ್ರಿ. ಚಪ್ಪಾಳಿ ಹೊಡದ್ರೂ ನಂಬರ್ ಅಲ್ಲಾಡವಲ್ದು.” ಸೆನ್ಸರ್ ಕೆಟ್ಟಿರುವುದು ಅಪರೂಪ. ಓದುವ ರೀತಿ ತಪ್ಪಿರುತ್ತದೆ.

ವೈರಿಂಗ್ ಸುಲಭ. ಸೆನ್ಸರಿನ ಪ್ಲಸ್ ಪಿನ್ ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ 5ವಿಗೆ, ಜಿ ಪಿನ್ ಜಿಎನ್‌ಡಿಗೆ, ಎಓ ಪಿನ್ ಎ0ಗೆ. ಡಿಓ ಪಿನ್ ಸದ್ದು ಇದೆ, ಇಲ್ಲ ಅಂತಷ್ಟೇ ಹೇಳುತ್ತದೆ. ಅದನ್ನು ಮುಟ್ಟಲೇಬೇಡಿ.

ನಿಮ್ಮ ಸೆನ್ಸರ್ ಕೆವೈ-038 ಮಾದರಿಯದಾದರೆ, ನೀಲಿ ಡಬ್ಬಿಯ ಮೇಲಿನ ಸ್ಕ್ರೂ ತಿರುಗಿಸುತ್ತಾ ಹೋಗಿ. ಎ0ಯಲ್ಲಿ ಓದುವ ಅಂಕಿ 0ಯಿಂದ 1023ರವರೆಗೆ ಇರುತ್ತದೆ; ಕೋಣೆ ಸುಮ್ಮನಿದ್ದಾಗ ಅದು ನಡುವಿನ 512ರ ಆಸುಪಾಸು ನಿಲ್ಲಬೇಕು. ಅದು ಹಲವು ಸುತ್ತು ತಿರುಗುವ ಸ್ಕ್ರೂ. ಒಂದು ಸುತ್ತಿಗೇ ಏನೂ ಆಗಲಿಲ್ಲ ಅಂತ ಕೈಬಿಡಬೇಡಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಸದ್ದಾದಾಗ ಅಂಕಿ 512ರಿಂದ ಮೇಲೂ ಹೋಗುತ್ತದೆ, ಕೆಳಗೂ ಇಳಿಯುತ್ತದೆ, ಅದೂ ಸೆಕೆಂಡಿಗೆ ನೂರಾರು ಸಲ. ಪಂಚಮಿ ಜೋಕಾಲಿಯನ್ನು ಒಂದೇ ಸಲ ಕಣ್ಣು ಬಿಟ್ಟು ನೋಡಿದರೆ ಅದು ಎಷ್ಟೆತ್ತರ ಜೀಕುತ್ತಿದೆ ಅಂತ ಗೊತ್ತಾಗುತ್ತದಾ? ಎರಡೂ ತುದಿ ನೋಡಬೇಕು, ಅಲ್ವಾ? ಹಾಗಾಗಿ 50 ಮಿಲಿಸೆಕೆಂಡ್ ಬಿಡದೆ ಓದಿ. ‘ಅತಿ ಹೆಚ್ಚು’ 0ಯಿಂದ, ‘ಅತಿ ಕಡಿಮೆ’ 1023ರಿಂದ ಶುರುವಾಗಲಿ. ಪ್ರತಿ ಓದಿಗೂ ಎರಡನ್ನೂ ತಿದ್ದುತ್ತಾ ಹೋಗಿ. ಕೊನೆಗೆ ಹೆಚ್ಚಿನದರಲ್ಲಿ ಕಡಿಮೆಯದನ್ನು ಕಳೆಯಿರಿ. ಉಳಿಯುವುದೇ ಸದ್ದಿನ ಜೋರು.

ಹೀಗೆ ಮತ್ತೆ ಮತ್ತೆ ಓದುವ ಲೂಪಿನೊಳಗೆ ಡಿಲೇ (ಕಾಯಿಸುವ ಆದೇಶ) ಬೇಡ, ಸೀರಿಯಲ್ ಪ್ರಿಂಟ್ (ಕಂಪ್ಯೂಟರಿಗೆ ಅಂಕಿ ಕಳಿಸುವ ಆದೇಶ) ಅಂತೂ ಬೇಡವೇ ಬೇಡ. ಊನೊ ಒಂದು ಸಲ ಓದಲು ಸುಮಾರು 100 ಮೈಕ್ರೋಸೆಕೆಂಡ್ ಸಾಕು. 9600 ಬಾಡ್‌ನಲ್ಲಿ (ಕಳಿಸುವ ವೇಗ) ಒಂದು ಮೂರಂಕಿಯ ಓದನ್ನು ಪ್ರಿಂಟ್ ಮಾಡಲು ಸುಮಾರು 5 ಮಿಲಿಸೆಕೆಂಡ್ ಬೇಕು. ನೂರಾರು ಓದು ಸಿಗುವ ಕಡೆ ಹತ್ತೋ ಹನ್ನೊಂದೋ ಸಿಗುತ್ತವೆ, ಚಪ್ಪಾಳೆ ನಡುವೆಯೇ ಜಾರಿಹೋಗುತ್ತದೆ. ಕಳೆದು ಬಂದ ಅಂಕಿಯನ್ನು ಲೂಪ್ ಮುಗಿದ ಮೇಲೆ ಪ್ರಿಂಟ್ ಮಾಡಿ, ಅಂಕಿಯನ್ನು ಗೆರೆಯಾಗಿ ತೋರಿಸುವ ಸೀರಿಯಲ್ ಪ್ಲಾಟರ್‌ನಲ್ಲಿ ನೋಡಿ.

ಕೆವೈ-038ರಲ್ಲಿ ಮೈಕಿನ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್ ಇಲ್ಲ. ಮಾತಿನ ಏರಿಳಿತ ಬೇಕಿದ್ದರೆ ಮ್ಯಾಕ್ಸ್4466 ಆಂಪ್ಲಿಫೈಯರ್ ಇರುವ ಮಾಡ್ಯೂಲ್ ಕೊಳ್ಳಿ. ಮ್ಯಾಕ್ಸ್9814 ಸದ್ದಿಗೆ ತಕ್ಕಂತೆ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಜೋರು ಅಳೆಯಲು ಅದು ಬೇಡ. ಬಂದ ಅಂಕಿಗೆ ಡೆಸಿಬಲ್ ಅಂತ ಹೆಸರಿಟ್ಟು ಚಾರ್ಟಿನಲ್ಲಿ ಬರೆಯಬೇಡಿ. ಅದು ಡೆಸಿಬಲ್ ಅಲ್ಲ.

ಇನ್ನೊಂದು ಮಾತು. ನಮ್ಮೂರ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಕೂರಲು ಆಗುವುದಿಲ್ಲ. ಗಾಳಿ ನೇರ ಮೈಕಿಗೆ ಬಡಿದರೆ ಅದನ್ನೂ ಸದ್ದು ಅಂತಲೇ ತೋರಿಸುತ್ತದೆ. ಮೈಕನ್ನು ಗೋಡೆ ಕಡೆ ತಿರುಗಿಸಿ. ಫ್ಯಾನ್ ಓಡುತ್ತಿರುವಾಗಲೇ ಒಂದು ನಿಮಿಷ ಅಂಕಿ ನೋಡಿ, ಇಷ್ಟು ದಾಟಿದರೆ ಚಪ್ಪಾಳೆ ಎನ್ನುವ ಮಿತಿಯನ್ನು ಅದಕ್ಕಿಂತ ಜಾಸ್ತಿ ಇಡಿ.